ಮೊಂಡು, ಮುಕ್ಕು ಮತ್ತು ಉಕ್ಕು

ಚಾಕು ಕೆಡುವುದು ಎರಡು ರೀತಿಯಲ್ಲಿ. ಒಂದು, ಬಾಯಿ ಸವೆದು ಮೊಂಡಾಗುತ್ತದೆ. ಇನ್ನೊಂದು, ಬಾಯಿಯ ಚೂರು ಹಾರಿ ಮುಕ್ಕಾಗುತ್ತದೆ. ಸಿರವಾರ, ಮಾನ್ವಿ, ದೇವದುರ್ಗದ ಕಡೆ ಕುಡಗೋಲು ಹಿಡಿದವರಿಗೆಲ್ಲ ಈ ವ್ಯತ್ಯಾಸ ಗೊತ್ತು. ಮೊಂಡಾದದ್ದಕ್ಕೆ ಸಾಣೆ ಸಾಕು. ದೊಡ್ಡ ಮುಕ್ಕಾದರೆ ಮತ್ತೆ ಕುಲುಮೆಯೇ ಗತಿ. ಬೇಗ ಮೊಂಡಾಗುವುದು ಬಹುಮಟ್ಟಿಗೆ ಗಡಸುತನದ ಕೊರತೆ, ಮುಕ್ಕಾಗುವುದು ತಾಳಿಕೆಯ ಕೊರತೆ. ತೊಡಕೆಂದರೆ, ಒಂದನ್ನು ಹೆಚ್ಚಿಸಿದರೆ ಸಾಮಾನ್ಯವಾಗಿ ಇನ್ನೊಂದು ಕಡಿಮೆಯಾಗುತ್ತದೆ. ದಖ್ಖನಿನ ಉಕ್ಕಿನ ಚರಿತ್ರೆಯನ್ನು ಈ ತೊಡಕಿನ ಕಡೆಯಿಂದ ನೋಡಿದರೆ, ಖಡ್ಗಗಳ ವೀರಗಾಥೆಗಿಂತ ಬೇರೆಯದೇ ಕಥೆ ಸಿಗುತ್ತದೆ.

ಈ ಸೀಮೆಗೆ ಕಬ್ಬಿಣ ಹೊಸದಲ್ಲ. ಮಸ್ಕಿಯ ಉತ್ಖನನದಲ್ಲಿ ಬೃಹತ್ ಶಿಲಾಯುಗದ ಕಬ್ಬಿಣದ ವಸ್ತುಗಳು ಸಿಕ್ಕಿವೆ. ಆನೆಗೊಂದಿಗೆ ಹತ್ತಿರದ ಕಡೇಬಾಕೆಲೆಯಲ್ಲಿ ಹೆಚ್ಚು ಇಂಗಾಲವಿರುವ ಉಕ್ಕಿನ ಕುರುಹುಗಳೂ ದೊರೆತಿವೆ. ಮುಂದೆ ಮೂಸೆಯಲ್ಲಿ ಕರಗಿಸಿ ಮಾಡಿದ ಉಕ್ಕು ದಕ್ಷಿಣ ಭಾರತದಿಂದ ಪಶ್ಚಿಮ ಏಷ್ಯಾದವರೆಗೆ ಹೋಯಿತು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕೆಲಸವನ್ನು ಕಣ್ಣಾರೆ ಕಂಡು ಬರೆದಿದ್ದಾನೆ: ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಹಸಿರು ಎಲೆ, ಬಾಯಿಗೆ ಮಣ್ಣಿನ ಮುಚ್ಚಳ, ತಿದಿಯ ಗಾಳಿ. ಕಡ್ಡಿ ಮತ್ತು ಎಲೆಯ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. ಅದರಿಂದ ಖಡ್ಗದ ಜೊತೆಗೆ ಕಲ್ಲುಕುಟಿಗರ ಉಳಿಗಳನ್ನೂ ಮಾಡುತ್ತಿದ್ದರು. ಕಲ್ಲಿಗೆ ಬಡಿಯುವ ಉಳಿ ಬರೀ ಗಡಸಾಗಿದ್ದರೆ ಒಂದು ದಿನವೂ ಬಾಳುವುದಿಲ್ಲ.

1794ರಲ್ಲಿ ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಈ ಉಕ್ಕಿನ ಬಿಲ್ಲೆಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಅವುಗಳ ಮೇಲೆ ಪ್ರಬಂಧ ಮಂಡಿಸಿದ. ಅದರಲ್ಲಿ ಉಕ್ಕಿನ ಹೆಸರು ‘ವೂಟ್ಜ್’. ಇದು ಕನ್ನಡದ ‘ಉಕ್ಕು’ ಎಂಬ ಪದದ ಅಪಭ್ರಂಶವಿರಬೇಕೆಂದು ಹಲವು ವಿದ್ವಾಂಸರ ಅಭಿಪ್ರಾಯ.

ಆ ಪ್ರಬಂಧದಲ್ಲಿ ಒಂದು ಸಣ್ಣ ಚಾಕುವಿನ ಪ್ರಸಂಗ ಬರುತ್ತದೆ. ಬ್ಯಾಂಕ್ಸ್‌ನ ಕೋರಿಕೆಯಂತೆ ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು ತಯಾರಕ ಈ ಉಕ್ಕಿನಿಂದ ಗರಿಲೇಖನಿ ಚೂಪು ಮಾಡುವ ಚಾಕುವೊಂದನ್ನು ಬಡಿದ. ಇಂದಿನ ಜೇಬುಚಾಕುವಿನ ಪೂರ್ವಜರಲ್ಲಿ ಅದೂ ಒಂದು. ಬಡಿದದ್ದು ಕತ್ತಲಲ್ಲಿ ಮಾತ್ರ ಕಾಣುವಷ್ಟು ಮಂದವಾದ ಕೆಂಪು ಕಾವಿನಲ್ಲಿ. ಕೆಲಸ ಕಷ್ಟವಾಯಿತು, ಆದರೆ ಅಲಗು ಅಲ್ಲಿನ ಒಳ್ಳೆಯ ಉಕ್ಕಿಗೆ ಸರಿಸಾಟಿಯಾಗಿ ನಿಂತಿತು. ಮುಂದೆ ಸ್ಟೊಡಾರ್ಟ್ ತನ್ನ ಅಂಗಡಿಯ ಕಾರ್ಡಿನಲ್ಲೇ ಭಾರತದ ಉಕ್ಕನ್ನು ಹೊಗಳಿ ಅಚ್ಚು ಹಾಕಿಸಿದ.

ಆ ಮಂದ ಕಾವಿನಲ್ಲೇ ಗುಟ್ಟಿದೆ. ಇದಕ್ಕೂ ಮುಂಚೆ ಫ್ರಾನ್ಸಿನ ರೆಯೋಮೂರ್ ಕೈರೋದಿಂದ ಭಾರತದ ಉಕ್ಕನ್ನು ತರಿಸಿದ್ದ. ಪ್ಯಾರಿಸ್ಸಿನ ಯಾವ ಕಮ್ಮಾರನಿಂದಲೂ ಅದನ್ನು ಬಡಿಯಲಾಗಲಿಲ್ಲ. ಕಾರಣ ಇಂಗಾಲ. ಸಾಮಾನ್ಯ ಮೆದು ಉಕ್ಕಿನಲ್ಲಿ ಶೇಕಡಾ 0.2ರಷ್ಟಿರುವ ಇಂಗಾಲ ಇದರಲ್ಲಿ ಸುಮಾರು 1.5ರಷ್ಟಿರುತ್ತದೆ. ಹೆಚ್ಚಾದ ಇಂಗಾಲ ಕಬ್ಬಿಣದೊಡನೆ ಸೇರಿ ಸಿಮೆಂಟೈಟ್ ಎಂಬ ಗಡಸು ವಸ್ತುವಾಗಿ, ಹರಳುಗಳ ಅಂಚಿನಲ್ಲಿ ಬಲೆಯಂತೆ ಹರಡುತ್ತದೆ. ಬಿರುಕಿಗೆ ಆ ಬಲೆಯೇ ಸಲೀಸಾದ ದಾರಿ. ಯುರೋಪಿನವರು ರೂಢಿಯಂತೆ ಬಿಳಿಗಾವಿಗೆ ಕಾಯಿಸಿ ಬಡಿದರೆ ಬಿಲ್ಲೆ ಪುಡಿಯಾಗುತ್ತಿತ್ತು. ತಗ್ಗು ಕಾವಿನಲ್ಲಿ ಮತ್ತೆ ಮತ್ತೆ ಬಡಿದರೆ ಬಲೆ ಒಡೆದು ಸಣ್ಣ ಕಣಗಳಾಗಿ ಸಾಲುಗಟ್ಟುತ್ತದೆ. ಹೆಸರಾಂತ ಡಮಾಸ್ಕಸ್ ಖಡ್ಗಗಳ ನೀರಲೆಯ ಮಾದರಿ ಈ ಸಾಲುಗಳಿಂದಲೇ ಬಂದದ್ದು. ಅದನ್ನು ಅಲಂಕಾರವೆಂದು ಮೆಚ್ಚಿದವರು ಬಹಳ. ಪೆಡಸು ಉಕ್ಕಿಗೆ ತಾಳಿಕೆ ತಂದ ಸುತ್ತಿಗೆಯ ಗುರುತೆಂದು ಓದಿದವರು ಕಡಿಮೆ.

ಮೈಕೆಲ್ ಫ್ಯಾರಡೆ ಸ್ವತಃ ಕಮ್ಮಾರನ ಮಗ. 1819ರಲ್ಲಿ ಈ ಉಕ್ಕನ್ನು ಪರೀಕ್ಷಿಸಿದ ಆತ ಅದರ ಗುಣಕ್ಕೆ ಅಲ್ಯೂಮಿನಾ ಕಾರಣವೆಂದುಕೊಂಡ. ಆ ಊಹೆ ನಿಲ್ಲಲಿಲ್ಲ. ಆದರೆ ಅದೇ ಹುಡುಕಾಟದಲ್ಲಿ ಆತ ಸ್ಟೊಡಾರ್ಟ್ ಜೊತೆ ಸೇರಿ ಬೆಳ್ಳಿ, ಪ್ಲಾಟಿನಂ, ರೋಡಿಯಂ ಬೆರೆಸಿದ ಉಕ್ಕುಗಳನ್ನು ಮಾಡಿ ನೋಡಿದ. ಮಿಶ್ರಲೋಹದ ಉಕ್ಕಿನ ವ್ಯವಸ್ಥಿತ ಅಧ್ಯಯನದ ಮೊದಲ ಹೆಜ್ಜೆಗಳಲ್ಲಿ ಇದೂ ಒಂದು.

ಇಂದಿನ ಜೇಬುಚಾಕುಗಳ ಗಡಸುತನ ಸಾಮಾನ್ಯವಾಗಿ ರಾಕ್‌ವೆಲ್ ಸಿ ಅಳತೆಯಲ್ಲಿ 55ರಿಂದ 62ರ ನಡುವೆ ಇರುತ್ತದೆ. ಸಿಮೆಂಟೈಟಿನ ಜಾಗದಲ್ಲಿ ಈಗ ಹೆಚ್ಚಾಗಿ ಕ್ರೋಮಿಯಂ, ವೆನೇಡಿಯಂ ಕಾರ್ಬೈಡುಗಳಿವೆ. ಕಣಗಳು ದಪ್ಪವಾಗಿದ್ದು ಅಲಗು ತೀರ ತೆಳುವಾಗಿದ್ದರೆ ಮೂಳೆಗೋ ತಂತಿಗೋ ತಾಗಿದೊಡನೆ ಬಾಯಿ ಹಾರುತ್ತದೆ. ಹೊಸ ಚಾಕುವಿನ ಬಾಯಿ ಹಾರಿದರೆ ಕಬ್ಬಿಣ ಕಳಪೆಯೆಂದು ಬೈಯುತ್ತೇವೆ. ಎಷ್ಟೋ ಸಲ ಅದು ಕಳಪೆಯಲ್ಲ, ಅತಿಯಾಗಿ ಗಡಸು.

ನಮ್ಮ ಕಮ್ಮಾರರು ಇದಕ್ಕೆ ‘ಹದ’ ಎನ್ನುತ್ತಾರೆ. ಕಾದ ಅಲಗಿಗೆ ನೀರು ಕುಡಿಸಿ ಗಡಸು ಮಾಡುವುದು, ಮತ್ತೆ ಸ್ವಲ್ಪ ಕಾಯಿಸಿ ಆ ಗಡಸನ್ನು ಕೊಂಚ ಇಳಿಸುವುದು, ಎರಡೂ ಅದರಲ್ಲಿ ಸೇರಿವೆ. ಬುಕಾನನ್ ಮೂಸೆಗೆ ಹಾಕಿದ ಕಡ್ಡಿಯ ತೂಕವನ್ನೂ ಬರೆದಿಟ್ಟ. ಸ್ಟೊಡಾರ್ಟ್‌ನ ಹೆಸರು ಲಂಡನ್ನಿನ ದಾಖಲೆಗಳಲ್ಲಿ ಉಳಿಯಿತು. ಆದರೆ ಯಾವ ಕೆಂಪಿನಲ್ಲಿ ಬಡಿತ ನಿಲ್ಲಿಸಬೇಕು, ಯಾವ ಬಣ್ಣಕ್ಕೆ ಅಲಗನ್ನು ನೀರಿಗಿಡಬೇಕು ಎಂದು ಬಲ್ಲ ಇಲ್ಲಿನವರ ಮಾತು ಆ ಪುಟಗಳಲ್ಲಿ ಇಲ್ಲ. ಸಿರವಾರ, ದೇವದುರ್ಗದಂಥ ಊರುಗಳ ಕುಲುಮೆಗಳಲ್ಲಿ ಉಳಿದಿರುವ ಈ ತಿಳಿವಳಿಕೆಯನ್ನು, ಅದರ ಪದಗಳ ಸಮೇತ ದಾಖಲಿಸುವುದು ಚರಿತ್ರೆಯ ವಿದ್ಯಾರ್ಥಿಗಳ ಮುಂದಿರುವ ಕೆಲಸ. ಕುಲುಮೆಯ ಬೆಂಕಿ ಆರಿದ ಮೇಲೆ ಅದನ್ನು ಹೇಳಿಕೊಡುವವರು ಸಿಗುವುದಿಲ್ಲ.