ಜೂನ್ 5ರ ಗಿಡ ಮತ್ತು ನಮ್ಮ ಮಕ್ಕಳು

ಜೂನ್ ಬಂತೆಂದರೆ ಪುತ್ತಿಗೆ, ಕುಂಬಳೆ ಕಡೆಯ ಶಾಲೆಗಳಲ್ಲಿ ಮಕ್ಕಳ ಕೈಗೆ ಗಿಡ ಬರುತ್ತದೆ. ಈ ರೂಢಿಗೆ ವಯಸ್ಸಾಗಿದೆ. ಕೇಂದ್ರ ಸಚಿವ ಕೆ.ಎಂ. ಮುನ್ಶಿಯವರು 1950ರಲ್ಲಿ ವನಮಹೋತ್ಸವ ಆರಂಭಿಸಿದಾಗ ಕಾಸರಗೋಡು ಇನ್ನೂ ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ಕ್ಕೆ ನಾವು ಕೇರಳದವರಾದೆವು. ವನಮಹೋತ್ಸವ ಜುಲೈ ಮೊದಲ ವಾರದ್ದು. 1973ರಿಂದ ಜೂನ್ 5 ವಿಶ್ವ ಪರಿಸರ ದಿನವಾಯಿತು. ಅದು ಕೇರಳದ ಶಾಲೆಗಳಿಗೆ ಹೇಳಿ ಮಾಡಿಸಿದ ದಿನ: ಶಾಲೆ ಆಗಷ್ಟೇ ತೆರೆದಿರುತ್ತದೆ, ಬೆನ್ನಿಗೇ ಮಳೆ.

ಏನನ್ನು ನೆಟ್ಟೆವು ಎಂಬುದು ಬೇರೆಯೇ ಕಥೆ. 80ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಅಕೇಶಿಯಾ ಬಂತು. ದನ ಅದರ ಎಲೆ ಮುಟ್ಟುವುದಿಲ್ಲ, ಬೇಲಿ ಬೇಡ, ಬೇಗ ಬೆಳೆಯುತ್ತದೆ. ಆದರೆ ಹಣ್ಣಿಲ್ಲ, ಮೇವಿಲ್ಲ. 2007ರಲ್ಲಿ ಅರಣ್ಯ ಮತ್ತು ಶಿಕ್ಷಣ ಇಲಾಖೆಗಳು 'ಎಂಡೆ ಮರಂ' ಎಂದು ವಿದ್ಯಾರ್ಥಿಗಳಿಗೇ ಗಿಡ ಕೊಟ್ಟವು. 'ನನ್ನ ಮರ' ಎಂಬ ಆ ಹೆಸರೇ ಒಳ್ಳೆಯ ಪಾಠ. 2019ರಲ್ಲಿ ಹರಿತ ಕೇರಳಂ ಮಿಷನ್ 'ಪಚ್ಚತುರುತ್ತ್' ತಂದಿತು. ಅರ್ಧ ಸೆಂಟ್ಸ್ ಜಾಗವಿದ್ದರೂ ಊರಿನ ಮರಗಳ ಚಿಕ್ಕ ಕಾಡು ಮಾಡಬಹುದು.

ಹಸಿರಾಗಿ ಕಂಡದ್ದೆಲ್ಲ ಒಳ್ಳೆಯದಲ್ಲ ಎಂಬುದನ್ನು ನಮ್ಮ ಮಕ್ಕಳಿಗೆ ಪುಸ್ತಕದಿಂದ ಕಲಿಸಬೇಕಿಲ್ಲ. ಪಕ್ಕದ ಎಣ್ಮಕಜೆ ಪಂಚಾಯತಿನ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಆ ತೋಟಗಳೂ ಹಸಿರಾಗಿಯೇ ಇದ್ದವು. ಪಡ್ರೆಯ ಮನೆಗಳ ಮಕ್ಕಳ ಸ್ಥಿತಿ ಕಂಡವರು ಅದನ್ನು ಮರೆಯಲಾರರು.

ಇನ್ನು ನೆಟ್ಟ ಗಿಡದ ಪಾಡು. ನಮ್ಮದು ಮುರಕಲ್ಲಿನ ನೆಲ, ನೀರು ನಿಲ್ಲುವುದಿಲ್ಲ. ಜನವರಿಯಿಂದ ಮೇವರೆಗೆ ಯಾರಾದರೂ ನೀರು ಹಾಕಬೇಕು. ಏಪ್ರಿಲ್, ಮೇಯಲ್ಲಿ ಶಾಲೆಗೆ ರಜೆ. ಫೋಟೋ ತೆಗೆದ ಗಿಡ ಸಾಯುವುದು ಆಗಲೇ. ಮರ ನೆಟ್ಟು ಅದರಿಂದ ಹಕ್ಕಿಯೋ ಮನುಷ್ಯನೋ ತಿಂದರೆ ನೆಟ್ಟವನಿಗೆ ಸದಖದ ಪುಣ್ಯ ಎಂದು ಹದೀಸಿನಲ್ಲಿ ಕೇಳಿದ್ದೇವೆ. ತಿನ್ನುವಷ್ಟು ಕಾಲ ಗಿಡ ಬದುಕಬೇಕಲ್ಲ!

ಮದ್ರಸದ ದೊಡ್ಡ ರಜೆ ರಂಝಾನಿಗೆ. ರಂಝಾನ್ ಬೇಸಿಗೆಯಲ್ಲಿ ಬೀಳದ ವರ್ಷಗಳಲ್ಲಿ ಅದೇ ಮಕ್ಕಳು ಮದ್ರಸಕ್ಕೆ ಬರುತ್ತಲೇ ಇರುತ್ತಾರೆ. ಗಿಡವನ್ನು ಪಳ್ಳಿಯ ಅಂಗಳದಲ್ಲಿ ನೆಟ್ಟು, ವುಝೂ ಮಾಡಿದ ನೀರು ಅದರ ಬುಡಕ್ಕೇ ಹರಿಯುವಂತೆ ತೋಡು ತಿರುಗಿಸಿದರೆ ಸಾಕು. ಹಲಸು, ಮಾವು, ಪುನರ್ಪುಳಿ ಇದ್ದರೆ ಇನ್ನೂ ಒಳ್ಳೆಯದು.