ಕ್ರೈಟೀರಿಯನ್ ಚಾನೆಲ್

ಕ್ರೈಟೀರಿಯನ್ ಚಾನೆಲ್ ಅಮೆರಿಕ ಸಂಯುಕ್ತ ಸಂಸ್ಥಾನದ ಚಂದಾ ಆಧಾರಿತ ಚಲನಚಿತ್ರ ಸ್ಟ್ರೀಮಿಂಗ್ ಸೇವೆಯಾಗಿದೆ. ಜಗತ್ತಿನ ನಾನಾ ಭಾಷೆಗಳ ಅಭಿಜಾತ ಚಿತ್ರಗಳು, ಹಾಲಿವುಡ್ಡಿನ ಹಳೆಯ ಚಿತ್ರಗಳು, ಸ್ವತಂತ್ರ ನಿರ್ದೇಶಕರ ಕೃತಿಗಳು, ಸಾಕ್ಷ್ಯಚಿತ್ರಗಳು ಹಾಗೂ ಕಿರುಚಿತ್ರಗಳನ್ನು ಇದು ಅಂತರಜಾಲದ ಮೂಲಕ ಒದಗಿಸುತ್ತದೆ. ಕ್ರೈಟೀರಿಯನ್ ಕಲೆಕ್ಷನ್ ಎಂಬ ಡಿಸ್ಕ್ ಪ್ರಕಾಶನ ಸಂಸ್ಥೆಯು 2019ರ ಏಪ್ರಿಲ್ 8ರಂದು ಈ ಸೇವೆಯನ್ನು ಸ್ವತಂತ್ರವಾಗಿ ಆರಂಭಿಸಿತು. ಇದು ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ಮಾತ್ರ ಲಭ್ಯವಿದೆ. ಪ್ರತಿ ತಿಂಗಳೂ ಹೊಸ ಚಿತ್ರಗುಚ್ಛಗಳನ್ನು ಪ್ರಕಟಿಸುವುದು ಹಾಗೂ ತಿಂಗಳ ಕೊನೆಗೆ ಕೆಲವು ಚಿತ್ರಗಳನ್ನು ಹಿಂತೆಗೆಯುವುದು ಇದರ ಕಾರ್ಯಕ್ರಮದ ಮುಖ್ಯ ಲಕ್ಷಣ. ಈ ಮಾಸಿಕ ಪಟ್ಟಿ ಚಿತ್ರರಸಿಕರ ನಡುವೆ ನಿಯಮಿತ ಚರ್ಚೆಯ ವಿಷಯವಾಗಿದೆ.

ಹಿನ್ನೆಲೆ

ಈ ಸೇವೆಯ ಬೇರುಗಳು ಎರಡು ಹಳೆಯ ಸಂಸ್ಥೆಗಳಲ್ಲಿವೆ. ಮೊದಲನೆಯದು ಜಾನಸ್ ಫಿಲ್ಮ್ಸ್. ಬ್ರಯಂಟ್ ಹ್ಯಾಲಿಡೇ ಮತ್ತು ಸೈರಸ್ ಹಾರ್ವೆ ಎಂಬುವರು 1956ರಲ್ಲಿ ಸ್ಥಾಪಿಸಿದ ಈ ವಿತರಣಾ ಸಂಸ್ಥೆಯು ಇಂಗ್ಮಾರ್ ಬರ್ಗ್‌ಮನ್, ಅಕಿರಾ ಕುರೊಸಾವಾ, ಫ್ರಾಂಸ್ವಾ ತ್ರುಫೊ ಮೊದಲಾದ ನಿರ್ದೇಶಕರ ಚಿತ್ರಗಳನ್ನು ಅಮೆರಿಕದ ಪ್ರೇಕ್ಷಕರಿಗೆ ಪರಿಚಯಿಸಿತು. 1965ರಲ್ಲಿ ಸಾಲ್ ಟುರೆಲ್ ಮತ್ತು ವಿಲಿಯಂ ಬೆಕರ್ ಇದನ್ನು ಕೊಂಡುಕೊಂಡರು. ಮುಂದೆ ಅವರ ಪುತ್ರರಾದ ಜೊನಾಥನ್ ಟುರೆಲ್ ಮತ್ತು ಪೀಟರ್ ಬೆಕರ್ ಜಾನಸ್ ಮತ್ತು ಕ್ರೈಟೀರಿಯನ್ ಸಂಸ್ಥೆಗಳೆರಡರ ಹೊಣೆಯನ್ನೂ ಹೊತ್ತರು.

ಎರಡನೆಯದು 1984ರಲ್ಲಿ ರಾಬರ್ಟ್ ಸ್ಟೈನ್, ಅಲೀನ್ ಸ್ಟೈನ್ ಮೊದಲಾದವರು ಆರಂಭಿಸಿದ ಕ್ರೈಟೀರಿಯನ್ ಕಲೆಕ್ಷನ್. 'ಸಿಟಿಜನ್ ಕೇನ್' (1941) ಮತ್ತು 'ಕಿಂಗ್ ಕಾಂಗ್' (1933) ಇದು ಹೊರತಂದ ಮೊದಲ ಲೇಸರ್ ಡಿಸ್ಕ್‌ಗಳು. ಚಿತ್ರ ನಡೆಯುತ್ತಿರುವಂತೆಯೇ ವಿದ್ವಾಂಸರೊಬ್ಬರ ವಿವರಣೆಯನ್ನು ಪ್ರತ್ಯೇಕ ಧ್ವನಿಪಥದಲ್ಲಿ ಕೇಳಿಸುವ ಪದ್ಧತಿಯು 'ಕಿಂಗ್ ಕಾಂಗ್' ಡಿಸ್ಕ್‌ನಿಂದ ಪ್ರಾರಂಭವಾಯಿತು. ಅಗಲ ಪರದೆಯ ಚಿತ್ರಗಳ ಅಂಚುಗಳನ್ನು ಕತ್ತರಿಸದೆ, ಟಿವಿ ಪರದೆಯ ಮೇಲೆ ಮತ್ತು ಕೆಳಗೆ ಕಪ್ಪು ಪಟ್ಟಿಗಳನ್ನು ಬಿಟ್ಟು ಪೂರ್ಣ ಚೌಕಟ್ಟನ್ನು ತೋರಿಸುವ ಕ್ರಮವನ್ನು ಜನಪ್ರಿಯಗೊಳಿಸಿದ ಶ್ರೇಯಸ್ಸೂ ಈ ಸಂಸ್ಥೆಗೆ ಸಲ್ಲುತ್ತದೆ. 1998ರಿಂದ ಡಿವಿಡಿ ಹಾಗೂ 2008ರಿಂದ ಬ್ಲೂ-ರೇ ರೂಪದಲ್ಲಿ ಅದು ಚಿತ್ರಗಳನ್ನು ಪ್ರಕಟಿಸುತ್ತ ಬಂದಿದೆ.

ಇತಿಹಾಸ

ಹುಲು ಮತ್ತು ಫಿಲ್ಮ್‌ಸ್ಟ್ರಕ್

ಡಿಸ್ಕ್ ಮಾರಾಟಕ್ಕೆ ಪೂರಕವಾಗಿ ಕ್ರೈಟೀರಿಯನ್ 2011ರಲ್ಲಿ ಹುಲು ಸೇವೆಯೊಂದಿಗೆ ಒಪ್ಪಂದ ಮಾಡಿಕೊಂಡು ತನ್ನ ನೂರಾರು ಚಿತ್ರಗಳನ್ನು ಅಲ್ಲಿ ಲಭ್ಯಗೊಳಿಸಿತು. ನಂತರ ಟರ್ನರ್ ಕ್ಲಾಸಿಕ್ ಮೂವೀಸ್ ವಾಹಿನಿ ಮತ್ತು ಕ್ರೈಟೀರಿಯನ್ ಜೊತೆಗೂಡಿ 2016ರ ನವೆಂಬರ್ 1ರಂದು ಫಿಲ್ಮ್‌ಸ್ಟ್ರಕ್ ಎಂಬ ಹೊಸ ಸೇವೆಯನ್ನು ಆರಂಭಿಸಿದವು. 'ಕ್ರೈಟೀರಿಯನ್ ಚಾನೆಲ್' ಎಂಬ ಹೆಸರು ಮೊದಲು ಬಳಕೆಗೆ ಬಂದದ್ದು ಫಿಲ್ಮ್‌ಸ್ಟ್ರಕ್‌ನ ಒಂದು ವಿಭಾಗಕ್ಕೆ. ಅದಕ್ಕೆ ಹೆಚ್ಚುವರಿ ಶುಲ್ಕವಿತ್ತು. 2018ರಲ್ಲಿ ವಾರ್ನರ್ ಬ್ರದರ್ಸ್‌ನ ಹಳೆಯ ಚಿತ್ರಗಳೂ ಫಿಲ್ಮ್‌ಸ್ಟ್ರಕ್‌ಗೆ ಸೇರಿದವು.

2018ರ ಜೂನ್‌ನಲ್ಲಿ ಟರ್ನರ್‌ನ ಮಾತೃಸಂಸ್ಥೆಯಾಗಿದ್ದ ಟೈಮ್ ವಾರ್ನರ್ ಕಂಪನಿಯನ್ನು ದೂರಸಂಪರ್ಕ ಸಂಸ್ಥೆ ಎಟಿ ಅಂಡ್ ಟಿ ತನ್ನದಾಗಿಸಿಕೊಂಡಿತು. ಅದೇ ವರ್ಷದ ಅಕ್ಟೋಬರ್ 26ರಂದು ಫಿಲ್ಮ್‌ಸ್ಟ್ರಕ್ ಮುಚ್ಚುವ ಪ್ರಕಟಣೆ ಹೊರಬಿದ್ದು, ನವೆಂಬರ್ 29ರಂದು ಸೇವೆ ಸ್ಥಗಿತಗೊಂಡಿತು. ಸೀಮಿತ ಸಂಖ್ಯೆಯ ಆಸಕ್ತರಿಗೆ ಮಾತ್ರ ತಲುಪುವ ಸೇವೆ ಎಂಬುದು ಮಾಲೀಕ ಸಂಸ್ಥೆ ನೀಡಿದ ಕಾರಣವಾಗಿತ್ತು. ಇದರ ವಿರುದ್ಧ ಚಿತ್ರಪ್ರೇಮಿಗಳು ಸಹಿ ಸಂಗ್ರಹ ನಡೆಸಿದರು. ಕ್ರಿಸ್ಟೋಫರ್ ನೋಲನ್, ಗಿಯೆರ್ಮೊ ಡೆಲ್ ಟೊರೊ, ಅಲ್ಫಾನ್ಸೊ ಕ್ವಾರೊನ್, ಪಾಲ್ ಥಾಮಸ್ ಆಂಡರ್ಸನ್ ಸೇರಿದಂತೆ ಹಲವು ನಿರ್ದೇಶಕರು ಸೇವೆಯನ್ನು ಉಳಿಸುವಂತೆ ವಾರ್ನರ್ ಬ್ರದರ್ಸ್ ಮುಖ್ಯಸ್ಥರಿಗೆ ಪತ್ರ ಬರೆದರು.

ಸ್ವತಂತ್ರ ಸೇವೆಯ ಆರಂಭ

2018ರ ನವೆಂಬರ್ 16ರಂದು, ಅಂದರೆ ಫಿಲ್ಮ್‌ಸ್ಟ್ರಕ್ ಇನ್ನೂ ನಡೆಯುತ್ತಿದ್ದಾಗಲೇ, ತನ್ನದೇ ಸ್ವತಂತ್ರ ಸೇವೆಯನ್ನು ಆರಂಭಿಸುವುದಾಗಿ ಕ್ರೈಟೀರಿಯನ್ ಘೋಷಿಸಿತು. ಮುಂಚಿತವಾಗಿ ಹೆಸರು ನೋಂದಾಯಿಸಿದ 'ಸ್ಥಾಪಕ ಚಂದಾದಾರರಿಗೆ' ಶುಲ್ಕದಲ್ಲಿ ಶಾಶ್ವತ ರಿಯಾಯಿತಿ ದೊರೆಯಿತು. ಸೇವೆ ಪೂರ್ಣವಾಗಿ ಆರಂಭವಾಗುವವರೆಗೆ ಅವರಿಗೆ ವಾರಕ್ಕೊಂದು ಚಿತ್ರವನ್ನು ತೋರಿಸಲಾಯಿತು. ಎಲೇನ್ ಮೇ ನಿರ್ದೇಶನದ 'ಮಿಕಿ ಅಂಡ್ ನಿಕಿ' (1976) ಅವುಗಳಲ್ಲಿ ಮೊದಲನೆಯದು. 2019ರ ಏಪ್ರಿಲ್ 8ರಂದು ಸೇವೆ ಎಲ್ಲರಿಗೂ ತೆರೆದಾಗ ಸಾಮಾನ್ಯ ಶುಲ್ಕ ತಿಂಗಳಿಗೆ 10.99 ಡಾಲರ್ ಇತ್ತು. ಕೊಲಂಬಿಯಾ ಪಿಕ್ಚರ್ಸ್ ನಿರ್ಮಿಸಿದ ಫಿಲ್ಮ್ ನ್ವಾರ್ ಪ್ರಕಾರದ, ಅಂದರೆ ಕತ್ತಲೆ-ಬೆಳಕಿನ ಛಾಯಾಗ್ರಹಣ ಮತ್ತು ಅಪರಾಧ ಕಥೆಗಳಿಗೆ ಹೆಸರಾದ ಚಿತ್ರಗಳ ಗುಚ್ಛವು ಆರಂಭದ ದಿನದ ಮುಖ್ಯ ಆಕರ್ಷಣೆಯಾಗಿತ್ತು. ಫ್ರಿಟ್ಜ್ ಲಾಂಗ್ ಅವರ 'ದಿ ಬಿಗ್ ಹೀಟ್' (1953) ಅದರಲ್ಲಿ ಸೇರಿತ್ತು.

2024ರ ಮೇ ತಿಂಗಳಲ್ಲಿ ಇಂಡಿಯನ್ ಪೇಂಟ್‌ಬ್ರಷ್ ನಿರ್ಮಾಣ ಸಂಸ್ಥೆಯ ಸ್ಥಾಪಕ ಸ್ಟೀವನ್ ರೇಲ್ಸ್ ಅವರು ಕ್ರೈಟೀರಿಯನ್ ಮತ್ತು ಜಾನಸ್ ಫಿಲ್ಮ್ಸ್ ಸಂಸ್ಥೆಗಳನ್ನು ಖರೀದಿಸಿದರು.

ಮಾಸಿಕ ಕಾರ್ಯಕ್ರಮ

ಈ ಸೇವೆಯಲ್ಲಿರುವ ಚಿತ್ರಗಳನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು. ಜಾನಸ್ ಮತ್ತು ಕ್ರೈಟೀರಿಯನ್ ದೀರ್ಘಾವಧಿಯ ಹಕ್ಕು ಹೊಂದಿರುವ ಸಾವಿರಕ್ಕೂ ಹೆಚ್ಚು ಚಿತ್ರಗಳು ಮೊದಲ ವರ್ಗಕ್ಕೆ ಸೇರುತ್ತವೆ. ಇವು ಸಾಮಾನ್ಯವಾಗಿ ಸದಾ ಲಭ್ಯವಿರುತ್ತವೆ. ಹಾಲಿವುಡ್ ಸ್ಟುಡಿಯೊಗಳಿಂದ ಹಾಗೂ ಇತರ ವಿತರಕರಿಂದ ನಿಗದಿತ ಅವಧಿಗೆ ಪಡೆದ ಚಿತ್ರಗಳು ಎರಡನೆಯ ವರ್ಗದವು. ಅವಧಿ ಮುಗಿದೊಡನೆ ಇವು ಸೇವೆಯಿಂದ ಮರೆಯಾಗುತ್ತವೆ.

ಮುಂದಿನ ತಿಂಗಳ ಪಟ್ಟಿಯನ್ನು ಅದರ ಹಿಂದಿನ ತಿಂಗಳಲ್ಲಿಯೇ ಪ್ರಕಟಿಸಲಾಗುತ್ತದೆ. ಚಿತ್ರಗಳನ್ನು ಬಿಡಿಬಿಡಿಯಾಗಿ ಸೇರಿಸುವ ಬದಲು ನಿರ್ದೇಶಕ, ನಟ, ದೇಶ, ಕಾಲಘಟ್ಟ ಅಥವಾ ವಸ್ತುವೊಂದರ ಆಧಾರದಲ್ಲಿ ಗುಚ್ಛಗಳಾಗಿ ಜೋಡಿಸುವುದು ವಾಡಿಕೆ. ಅಕ್ಟೋಬರ್ ತಿಂಗಳಲ್ಲಿ ಭಯಾನಕ ಚಿತ್ರಗಳಿಗೆ ಪ್ರಾಶಸ್ತ್ಯವಿರುತ್ತದೆ: 2020ರಲ್ಲಿ 1970ರ ದಶಕದ, 2022ರಲ್ಲಿ 1980ರ ದಶಕದ ಮತ್ತು 2023ರಲ್ಲಿ 1990ರ ದಶಕದ ಭಯಾನಕ ಚಿತ್ರಗಳ ಗುಚ್ಛಗಳು ಪ್ರದರ್ಶನಗೊಂಡವು.

ಚಿತ್ರಗಳ ಜೊತೆಗೆ ಕೆಳಕಂಡ ಕಾರ್ಯಕ್ರಮಗಳನ್ನೂ ಈ ಸೇವೆ ರೂಪಿಸಿದೆ:

- ಅಬ್ಸರ್ವೇಷನ್ಸ್ ಆನ್ ಫಿಲ್ಮ್ ಆರ್ಟ್: ಡೇವಿಡ್ ಬೋರ್ಡ್‌ವೆಲ್, ಕ್ರಿಸ್ಟಿನ್ ಥಾಂಪ್ಸನ್ ಮತ್ತು ಜೆಫ್ ಸ್ಮಿತ್ ಎಂಬ ಚಿತ್ರ ವಿದ್ವಾಂಸರು ಸಂಕಲನ, ಶಬ್ದ, ಚೌಕಟ್ಟು ಮೊದಲಾದ ಅಂಶಗಳನ್ನು ನಿರ್ದಿಷ್ಟ ಚಿತ್ರಗಳ ಮೂಲಕ ವಿವರಿಸುವ ಪಾಠಮಾಲೆ.
- ಅಡ್ವೆಂಚರ್ಸ್ ಇನ್ ಮೂವಿಗೋಯಿಂಗ್: ಕಲಾವಿದರು ತಮ್ಮ ಮೇಲೆ ಪ್ರಭಾವ ಬೀರಿದ ಚಿತ್ರಗಳನ್ನು ಆಯ್ದು ಪರಿಚಯಿಸುವ ಸರಣಿ.
- ಕ್ರೈಟೀರಿಯನ್ 24/7: 2023ರಲ್ಲಿ ಆರಂಭವಾದ, ದಿನವಿಡೀ ಒಂದರ ನಂತರ ಒಂದು ಚಿತ್ರವನ್ನು ಪ್ರಸಾರ ಮಾಡುವ ವಿಭಾಗ. ಹಳೆಯ ದೂರದರ್ಶನ ವಾಹಿನಿಗಳಂತೆ ಇಲ್ಲಿ ಆಯ್ಕೆ ನೋಡುಗರದ್ದಲ್ಲ.

ಚಿತ್ರಗಳು ಮರೆಯಾಗುವುದೇಕೆ?

ತಿಂಗಳ ಕೊನೆಗೆ ಹೊರಡುವ ಚಿತ್ರಗಳ ಪಟ್ಟಿಯು ಚಂದಾದಾರರಲ್ಲಿ ಹೊಸ ಚಿತ್ರಗಳ ಪಟ್ಟಿಯಷ್ಟೇ ಕುತೂಹಲ ಮೂಡಿಸುತ್ತದೆ. ಚಿತ್ರವೊಂದರ ಹಕ್ಕುಗಳನ್ನು ಚಿತ್ರಮಂದಿರ, ದೂರದರ್ಶನ, ಡಿಸ್ಕ್ ಮತ್ತು ಸ್ಟ್ರೀಮಿಂಗ್ ಎಂದು ಪ್ರತ್ಯೇಕವಾಗಿ, ದೇಶವಾರು ಮತ್ತು ಕಾಲಮಿತಿಗೆ ಒಳಪಟ್ಟು ಮಾರಲಾಗುತ್ತದೆ. ಹೀಗಾಗಿ ಕ್ರೈಟೀರಿಯನ್ ಡಿಸ್ಕ್ ರೂಪದಲ್ಲಿ ಪ್ರಕಟಿಸಿದ ಚಿತ್ರವೊಂದು ಅದರದೇ ಸ್ಟ್ರೀಮಿಂಗ್ ಸೇವೆಯಲ್ಲಿ ಇಲ್ಲದಿರಬಹುದು. ಸ್ಟುಡಿಯೊಗಳು ಸ್ವಂತ ಸ್ಟ್ರೀಮಿಂಗ್ ಸೇವೆಗಳನ್ನು ಆರಂಭಿಸಿದ ಮೇಲೆ ಹಕ್ಕುಗಳಿಗಾಗಿ ಪೈಪೋಟಿಯೂ ಹೆಚ್ಚಿತು.

ಡಿಸ್ಕ್ ಕೊಂಡವರಿಗೆ ಆ ಪ್ರತಿ ಸ್ವಂತದ್ದಾಗಿ ಉಳಿಯುತ್ತದೆ. ಅದನ್ನು ಇನ್ನೊಬ್ಬರಿಗೆ ಎರವಲು ಕೊಡಲೂ ಮಾರಲೂ ಅವಕಾಶವಿದೆ. ಚಂದಾದಾರರಿಗೆ ದೊರೆಯುವುದು ಚಂದಾ ಇರುವವರೆಗಿನ ವೀಕ್ಷಣೆಯ ಅನುಮತಿ ಮಾತ್ರ. ಫಿಲ್ಮ್‌ಸ್ಟ್ರಕ್ ಮುಚ್ಚಿದಾಗ ನೂರಾರು ಚಿತ್ರಗಳು ಒಂದೇ ದಿನದಲ್ಲಿ ವೀಕ್ಷಕರ ಕೈತಪ್ಪಿದ ಘಟನೆಯು ಈ ವ್ಯತ್ಯಾಸವನ್ನು ಸ್ಪಷ್ಟಗೊಳಿಸಿತು. ಡಿಸ್ಕ್ ಸಂಗ್ರಹವನ್ನು ಸಮರ್ಥಿಸುವವರು ಇಂದಿಗೂ ಈ ಘಟನೆಯನ್ನು ಉದಾಹರಿಸುತ್ತಾರೆ.

ವೀಕ್ಷಕರ ಚರ್ಚೆ

ಮಾಸಿಕ ಪಟ್ಟಿ ಪ್ರಕಟವಾದೊಡನೆ ಚಿತ್ರರಸಿಕರು ಅದನ್ನು ಪರಾಮರ್ಶಿಸುವುದು ರೂಢಿಯಾಗಿದೆ. ಈ ಹಿಂದೆ ಬಂದುಹೋದ ಚಿತ್ರಗಳು ಮರಳಿವೆಯೇ, ಒಬ್ಬ ನಿರ್ದೇಶಕನ ಗುಚ್ಛದಲ್ಲಿ ಯಾವ ಮುಖ್ಯ ಕೃತಿ ಬಿಟ್ಟುಹೋಗಿದೆ, ತೋರಿಸುತ್ತಿರುವುದು ಹೊಸದಾಗಿ ಸಂಸ್ಕರಿಸಿದ ಪ್ರತಿಯೇ ಅಥವಾ ಹಳೆಯದೇ ಎಂಬ ಪ್ರಶ್ನೆಗಳು ಈ ಚರ್ಚೆಗಳಲ್ಲಿ ಮರಳಿ ಮರಳಿ ಬರುತ್ತವೆ. ಹೊರಡಲಿರುವ ಚಿತ್ರಗಳಲ್ಲಿ ಡಿಸ್ಕ್ ರೂಪದಲ್ಲಿ ಸಿಗದವುಗಳನ್ನು ಗುರುತಿಸಿ ಮೊದಲು ಅವನ್ನು ನೋಡುವಂತೆ ಅನುಭವಿಗಳು ಹೊಸಬರಿಗೆ ಸೂಚಿಸುವುದುಂಟು. ಆಯ್ಕೆಯನ್ನು ಯಂತ್ರದ ಶಿಫಾರಸಿಗೆ ಬಿಡದೆ ಸಂಪಾದಕರೇ ಮಾಡುವುದರಿಂದ, ಪಟ್ಟಿಯ ಹಿಂದಿರುವ ಅಭಿರುಚಿಯೂ ಮೆಚ್ಚುಗೆ ಮತ್ತು ಆಕ್ಷೇಪಗಳಿಗೆ ಗುರಿಯಾಗುತ್ತದೆ. ಹಾಲಿವುಡ್ಡಿನ ಜನಪ್ರಿಯ ಚಿತ್ರಗಳು ಹೆಚ್ಚಾದಾಗ ವಿಶ್ವಸಿನಿಮಾಕ್ಕೆ ಜಾಗ ಕಡಿಮೆಯಾಯಿತೆಂದು ಕೆಲವರು ಭಾವಿಸಿದರೆ, ಅಂಥ ಚಿತ್ರಗಳೇ ಹೊಸ ನೋಡುಗರನ್ನು ಬರ್ಗ್‌ಮನ್ ಮತ್ತು ಓಜುವಿನತ್ತ ಕರೆತರುತ್ತವೆ ಎಂಬುದು ಇನ್ನು ಕೆಲವರ ವಾದ.

ಟೀಕೆ

2020ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಕ್ರೈಟೀರಿಯನ್ ಕಲೆಕ್ಷನ್‌ನ ಡಿಸ್ಕ್ ಪಟ್ಟಿಯನ್ನು ಪರಿಶೀಲಿಸಿ, ಸಾವಿರಕ್ಕೂ ಮಿಕ್ಕ ಚಿತ್ರಗಳಲ್ಲಿ ಆಫ್ರಿಕನ್-ಅಮೆರಿಕನ್ ನಿರ್ದೇಶಕರ ಸಂಖ್ಯೆ ಕೇವಲ ನಾಲ್ಕು ಎಂದು ವರದಿ ಮಾಡಿತು. ಯಾವ ಚಿತ್ರ ಅಭಿಜಾತ ಎಂಬುದನ್ನು ಕೆಲವೇ ಮಂದಿ ನಿರ್ಧರಿಸುವುದರ ಪರಿಣಾಮಗಳ ಕುರಿತು ಈ ವರದಿ ವ್ಯಾಪಕ ಚರ್ಚೆಗೆ ಎಡೆಮಾಡಿತು. ಪೀಟರ್ ಬೆಕರ್ ಅವರು ಪಟ್ಟಿಯ ಕೊರತೆಯನ್ನು ಒಪ್ಪಿಕೊಂಡರು. ನಂತರದ ವರ್ಷಗಳಲ್ಲಿ ಕಪ್ಪು ನಿರ್ದೇಶಕರ ಹಲವು ಚಿತ್ರಗಳು ಡಿಸ್ಕ್ ಪಟ್ಟಿಗೆ ಸೇರಿದವು. ಅದೇ ವರ್ಷದ ಜೂನ್‌ನಲ್ಲಿ ಸ್ಟ್ರೀಮಿಂಗ್ ಸೇವೆಯು ಜೂಲಿ ಡ್ಯಾಶ್ ಅವರ 'ಡಾಟರ್ಸ್ ಆಫ್ ದಿ ಡಸ್ಟ್' (1991), ಕ್ಯಾಥ್ಲೀನ್ ಕಾಲಿನ್ಸ್ ಅವರ 'ಲೂಸಿಂಗ್ ಗ್ರೌಂಡ್' (1982) ಮೊದಲಾದ ಚಿತ್ರಗಳನ್ನು ಚಂದಾ ಇಲ್ಲದವರೂ ನೋಡುವಂತೆ ಮುಕ್ತಗೊಳಿಸಿತ್ತು.

ಭಾರತೀಯ ಚಿತ್ರಗಳು

ಕ್ರೈಟೀರಿಯನ್ ಕೈಗೊಂಡ ಪುನರುಜ್ಜೀವನ ಕಾರ್ಯಗಳಲ್ಲಿ ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯ ಪ್ರಮುಖವಾದುದು. 'ಪಥೇರ್ ಪಾಂಚಾಲಿ' (1955), 'ಅಪರಾಜಿತೊ' (1956) ಮತ್ತು 'ಅಪುರ್ ಸಂಸಾರ್' (1959) ಚಿತ್ರಗಳ ಮೂಲ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಪ್ರಯೋಗಾಲಯವೊಂದರ ಬೆಂಕಿಗೆ ತುತ್ತಾದವು. ಸುಟ್ಟು ಉಳಿದ ಸುರುಳಿಗಳನ್ನು ಅಮೆರಿಕದ ಅಕಾಡೆಮಿ ಫಿಲ್ಮ್ ಆರ್ಕೈವ್ ಎರಡು ದಶಕಗಳ ಕಾಲ ಎಸೆಯದೆ ಕಾಪಾಡಿಕೊಂಡಿತ್ತು. ಇಟಲಿಯ ಬೊಲೋನ್ಯಾ ನಗರದ ಲಿಮ್ಮಾಜಿನೆ ರಿತ್ರೊವಾತಾ ಪ್ರಯೋಗಾಲಯದ ತಜ್ಞರು ಒಣಗಿ ಬಿರುಸಾಗಿದ್ದ ಫಿಲ್ಮನ್ನು ಮೆತ್ತಗಾಗಿಸಿ, ಹರಿದ ಅಂಚುಗಳನ್ನು ಕೈಯಿಂದಲೇ ಸರಿಪಡಿಸಿದರು. 'ಪಥೇರ್ ಪಾಂಚಾಲಿ'ಯ ಸುಮಾರು 40 ಪ್ರತಿಶತ ಹಾಗೂ 'ಅಪರಾಜಿತೊ'ದ 60 ಪ್ರತಿಶತಕ್ಕೂ ಹೆಚ್ಚು ಭಾಗವನ್ನು ಹೀಗೆ ಮೂಲ ನೆಗೆಟಿವ್‌ನಿಂದಲೇ ಪಡೆಯಲು ಸಾಧ್ಯವಾಯಿತು. ಉಳಿದ ಭಾಗಗಳಿಗೆ ಬೇರೆಡೆ ಸಂರಕ್ಷಿತವಾಗಿದ್ದ ಪ್ರತಿಗಳನ್ನು ಬಳಸಲಾಯಿತು. ಸಂಸ್ಕರಿತ ಚಿತ್ರಗಳು 2015ರಲ್ಲಿ ತೆರೆಕಂಡವು.

ಮಾರ್ಟಿನ್ ಸ್ಕೋರ್ಸೆಸಿ 2007ರಲ್ಲಿ ಆರಂಭಿಸಿದ ವಿಶ್ವ ಸಿನಿಮಾ ಯೋಜನೆಯು ಸಂಸ್ಕರಿಸುವ ಚಿತ್ರಗಳನ್ನೂ ಕ್ರೈಟೀರಿಯನ್ ಸಂಪುಟಗಳಾಗಿ ಪ್ರಕಟಿಸುತ್ತಿದೆ. ಋತ್ವಿಕ್ ಘಟಕ್ ಬಾಂಗ್ಲಾದೇಶದಲ್ಲಿ ನಿರ್ಮಿಸಿದ 'ತಿತಾಶ್ ಏಕ್ತಿ ನದೀರ್ ನಾಮ್' (1973) ಮತ್ತು ಉದಯ ಶಂಕರ್ ಅವರ ನೃತ್ಯಚಿತ್ರ 'ಕಲ್ಪನಾ' (1948) ಈ ಸಂಪುಟಗಳಲ್ಲಿ ಸೇರಿವೆ.

ಕನ್ನಡ ಚಿತ್ರರಂಗಕ್ಕೂ ಈ ಯೋಜನೆಯ ನಂಟಿದೆ. ಯು. ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿ ಗಿರೀಶ್ ಕಾಸರವಳ್ಳಿ ನಿರ್ದೇಶಿಸಿದ 'ಘಟಶ್ರಾದ್ಧ' (1977) ಚಿತ್ರವನ್ನು ವಿಶ್ವ ಸಿನಿಮಾ ಯೋಜನೆ ಹಾಗೂ ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಜೊತೆಗೂಡಿ ಬೊಲೋನ್ಯಾದ ಅದೇ ಪ್ರಯೋಗಾಲಯದಲ್ಲಿ ಪುನರುಜ್ಜೀವನಗೊಳಿಸಿದವು. ಸಂಸ್ಕರಿತ ಪ್ರತಿ 2024ರ ವೆನಿಸ್ ಚಲನಚಿತ್ರೋತ್ಸವದ ಅಭಿಜಾತ ಚಿತ್ರಗಳ ವಿಭಾಗದಲ್ಲಿ ಪ್ರದರ್ಶನಗೊಂಡಿತು. ಇದಕ್ಕೆ ವ್ಯತಿರಿಕ್ತವಾಗಿ, ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ದ (1934) ಪ್ರತಿ ಇಂದು ಉಳಿದಿಲ್ಲ. ಪ್ರತಿ ಸಂರಕ್ಷಿತವಾಗಿದ್ದರೆ ಮಾತ್ರ ಅದನ್ನು ಸಂಸ್ಕರಿಸಿ ಮತ್ತೆ ತೋರಿಸುವುದು ಸಾಧ್ಯ ಎಂಬುದಕ್ಕೆ ಈ ಎರಡು ಚಿತ್ರಗಳ ಗತಿ ನಿದರ್ಶನವಾಗಿದೆ.

ಲಭ್ಯತೆ

ಪ್ರದರ್ಶನ ಹಕ್ಕುಗಳು ದೇಶವಾರು ಹಂಚಿಕೆಯಾಗಿರುವ ಕಾರಣ ಭಾರತದಲ್ಲಿರುವವರು ಕ್ರೈಟೀರಿಯನ್ ಚಾನೆಲ್‌ಗೆ ಚಂದಾದಾರರಾಗಲು ಆಗುವುದಿಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಸೇವೆ ಲಭ್ಯವಿದೆ. ಭಾರತದಲ್ಲಿ ಇದೇ ಬಗೆಯ ಚಿತ್ರಗಳಿಗೆ 2019ರಲ್ಲಿ ಇಲ್ಲಿ ಆರಂಭವಾದ ಮುಬಿ ಸೇವೆಯನ್ನು ಅನೇಕರು ಅವಲಂಬಿಸಿದ್ದಾರೆ. 2007ರಲ್ಲಿ ಎಫೆ ಚಾಕರೆಲ್ ಸ್ಥಾಪಿಸಿದ ಮುಬಿಯು ದಿನಕ್ಕೊಂದು ಚಿತ್ರವನ್ನು ಸೇರಿಸಿ, ಪ್ರತಿಯೊಂದನ್ನೂ 30 ದಿನ ಮಾತ್ರ ಉಳಿಸಿಕೊಳ್ಳುವ ಪದ್ಧತಿಗೆ ಹೆಸರಾಗಿತ್ತು. 2020ರಲ್ಲಿ ಅದು ಶಾಶ್ವತ ಚಿತ್ರ ಸಂಗ್ರಹವನ್ನೂ ತೆರೆಯಿತು.

ಇವನ್ನೂ ನೋಡಿ

- ಸತ್ಯಜಿತ್ ರಾಯ್
- ಗಿರೀಶ್ ಕಾಸರವಳ್ಳಿ
- ಘಟಶ್ರಾದ್ಧ (ಚಲನಚಿತ್ರ)
- ಸತಿ ಸುಲೋಚನಾ
- ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ, ಪುಣೆ