ಗೃಹ ವಿದ್ಯುತ್ ದುರಸ್ತಿ (ಕರ್ನಾಟಕ)

ಗೃಹ ವಿದ್ಯುತ್ ದುರಸ್ತಿ ಎಂದರೆ ವಾಸದ ಮನೆಯ ವೈರಿಂಗ್, ಸ್ವಿಚ್‌ಬೋರ್ಡ್, ವಿತರಣಾ ಪೆಟ್ಟಿಗೆ, ಭೂಸಂಪರ್ಕ (ಅರ್ಥಿಂಗ್) ಮತ್ತು ಸ್ಥಿರವಾಗಿ ಜೋಡಿಸಿದ ಉಪಕರಣಗಳಲ್ಲಿನ ದೋಷಗಳನ್ನು ಪತ್ತೆಹಚ್ಚಿ ಸರಿಪಡಿಸುವ ಕೆಲಸ. ಇದನ್ನು ಮಾಡುವವರನ್ನು ಎಲೆಕ್ಟ್ರೀಷಿಯನ್ ಅಥವಾ ವೈರ್‌ಮನ್ ಎಂದೂ, ಆಡುಮಾತಿನಲ್ಲಿ ‘ಕರೆಂಟ್ ಕೆಲಸದವರು’ ಎಂದೂ ಕರೆಯುತ್ತಾರೆ. ಭಾರತದ ಮನೆಗಳಿಗೆ ಬರುವ ಏಕ ಹಂತದ ಪೂರೈಕೆ ಸಾಮಾನ್ಯವಾಗಿ 230 ವೋಲ್ಟ್, 50 ಹರ್ಟ್ಸ್ ಆಗಿದ್ದು, ಪ್ರಾಣಾಪಾಯಕ್ಕೆ ಇಷ್ಟು ಒತ್ತಡ ಸಾಕು. ಕೊಳಾಯಿ ಅಥವಾ ಮರಗೆಲಸದ ದೋಷ ಬಹುಬೇಗ ಕಣ್ಣಿಗೆ ಬೀಳುತ್ತದೆ. ವಿದ್ಯುತ್ ಕೆಲಸದಲ್ಲಿ ಹಾಗಿಲ್ಲ. ದೀಪ ಹೊತ್ತಿಕೊಂಡಿತು, ಫ್ಯಾನ್ ತಿರುಗಿತು ಎಂದ ಮಾತ್ರಕ್ಕೆ ದುರಸ್ತಿ ಸರಿಯಾಗಿದೆ ಎಂದು ಹೇಳಲಾಗದು. ಕೆಲಸಗಾರರ ಆಯ್ಕೆಗೆ ಕಾನೂನಿನ ಕಟ್ಟುಪಾಡು ಇರುವುದು ಈ ಕಾರಣಕ್ಕೇ.

ಹಿನ್ನೆಲೆ

ಕಾವೇರಿ ನದಿಯ ಶಿವನಸಮುದ್ರದ ಜಲವಿದ್ಯುದಾಗಾರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿಗೂ 1908ರಲ್ಲಿ ಮೈಸೂರಿಗೂ ವಿದ್ಯುತ್ ದೀಪಗಳು ಬಂದವು. ಹಳೆಯ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ತಂತಿ ಹಾಯಿಸುವ ಪದ್ಧತಿಯಿತ್ತು; ಪಿಂಗಾಣಿಯ ಫ್ಯೂಸುಗಳು ಬಳಕೆಯಲ್ಲಿದ್ದವು. ಇಂಥ ವೈರಿಂಗ್ ಇಂದಿಗೂ ಕೆಲವೆಡೆ ಉಳಿದಿದೆ. ಕರಾವಳಿ ಮತ್ತು ಮಲೆನಾಡಿನ ಹೆಂಚಿನ ಮನೆಗಳಲ್ಲಿ ಪಕ್ಕಾಸುಗಳ ಮೇಲೆ ಹಾದುಹೋಗುವ ತಂತಿಯನ್ನು ಇಲಿ ಕಡಿಯುವುದು, ಮಳೆಗಾಲದಲ್ಲಿ ಸೋರುವ ನೀರು ಅದರ ಮೇಲೆ ಬೀಳುವುದು ದುರಸ್ತಿಯ ಸಾಮಾನ್ಯ ಕಾರಣಗಳು.

ಮೀಟರಿನ ಎರಡು ಬದಿಗಳು

ಯಾರನ್ನು ಕರೆಯಬೇಕು ಎಂಬುದು ದೋಷ ಮೀಟರಿನ ಯಾವ ಬದಿಯಲ್ಲಿದೆ ಎಂಬುದರ ಮೇಲೆ ನಿಂತಿದೆ. ಸ್ಥೂಲವಾಗಿ ಹೇಳುವುದಾದರೆ ಕಂಬದಿಂದ ಮೀಟರಿನವರೆಗಿನ ತಂತಿ ಹಾಗೂ ಮೀಟರು ವಿದ್ಯುತ್ ಸರಬರಾಜು ಕಂಪನಿಯ ಹೊಣೆ; ಅಲ್ಲಿಂದ ಮುಂದಿನದೆಲ್ಲ ಗ್ರಾಹಕರ ಹೊಣೆ. ಮೊದಲನೆಯದಕ್ಕೆ ಬರುವವರು ಕಂಪನಿಯ ಲೈನ್‌ಮನ್. ಎರಡನೆಯದಕ್ಕೆ ಖಾಸಗಿ ಎಲೆಕ್ಟ್ರೀಷಿಯನ್‌ನನ್ನು ಗ್ರಾಹಕರೇ ಗೊತ್ತುಮಾಡಿಕೊಳ್ಳಬೇಕು. ಕಂಬ ಹತ್ತುವ ಅಧಿಕಾರ ಖಾಸಗಿ ಕೆಲಸಗಾರರಿಗೆ ಇಲ್ಲ. ಅನುಮತಿಯಿಲ್ಲದೆ ಮೀಟರನ್ನು ತಿದ್ದುವುದು, ಅದರ ಮುದ್ರೆಯನ್ನು ಮುರಿಯುವುದು 2003ರ ವಿದ್ಯುಚ್ಛಕ್ತಿ ಕಾಯ್ದೆಯಡಿ ಅಪರಾಧವಾಗುತ್ತದೆ.

ಕರ್ನಾಟಕದಲ್ಲಿ ಬೆಸ್ಕಾಂ (ಬೆಂಗಳೂರು), ಮೆಸ್ಕಾಂ (ಮಂಗಳೂರು), ಹೆಸ್ಕಾಂ (ಹುಬ್ಬಳ್ಳಿ), ಜೆಸ್ಕಾಂ (ಕಲಬುರಗಿ) ಮತ್ತು ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಎಂಬ ಐದು ಸರ್ಕಾರಿ ಕಂಪನಿಗಳು ವಿದ್ಯುತ್ ವಿತರಿಸುತ್ತವೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೊಂದು ಈ ಕೆಲಸವನ್ನು ನಿರ್ವಹಿಸುತ್ತ ಬಂದಿದೆ. ಐದೂ ಕಂಪನಿಗಳ ಸಹಾಯವಾಣಿಯ ಸಂಖ್ಯೆ 1912. ದೂರು ಕೊಡುವಾಗ ಬಿಲ್ಲಿನ ಮೇಲಿರುವ ಖಾತೆ ಸಂಖ್ಯೆಯನ್ನು ಹೇಳಿದರೆ ಸ್ಥಳವನ್ನು ಗುರುತಿಸುವುದು ಸುಲಭ.

ದೋಷದ ಬದಿಯನ್ನು ಅರಿಯಲು ನೆರೆಮನೆಗಳನ್ನು ನೋಡುವುದೇ ಮೊದಲ ಹೆಜ್ಜೆ. ಎಲ್ಲೆಡೆಯೂ ಕತ್ತಲಿದ್ದರೆ ಅದು ಕಂಪನಿಯ ವಿಷಯ. ಒಂದೇ ಮನೆಯಲ್ಲಿ ಪೂರೈಕೆ ನಿಂತಿದ್ದು, ಮೀಟರಿನ ಪರದೆಯೂ ಆರಿದ್ದರೆ ಆಗಲೂ ಮೊದಲು 1912ಕ್ಕೆ ತಿಳಿಸುವುದು ಸರಿ. ಮೀಟರು ನಡೆಯುತ್ತಿದ್ದು ಮನೆಯೊಳಗೆ ವಿದ್ಯುತ್ ಇಲ್ಲದಿದ್ದರೆ ಎಲೆಕ್ಟ್ರೀಷಿಯನ್ ಬೇಕಾಗುತ್ತದೆ. ಅಪಾರ್ಟ್‌ಮೆಂಟುಗಳಲ್ಲಿ ಮೀಟರು ನೆಲಮಾಳಿಗೆಯಲ್ಲಿದ್ದು, ಅಲ್ಲಿಂದ ಮೇಲೇರುವ ತಂತಿಗಳ ಪಾಲನೆಯನ್ನು ಸಾಮಾನ್ಯವಾಗಿ ನಿವಾಸಿಗಳ ಸಂಘ ನೋಡಿಕೊಳ್ಳುತ್ತದೆ.

ಪರವಾನಗಿ ಮತ್ತು ತರಬೇತಿ

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ಗ್ರಾಹಕರ ಆವರಣದಲ್ಲಿ ಹೊಸ ವೈರಿಂಗ್, ವಿಸ್ತರಣೆ, ಬದಲಾವಣೆ ಅಥವಾ ದುರಸ್ತಿಯನ್ನು ರಾಜ್ಯ ಸರ್ಕಾರದ ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರೇ ಕೈಗೊಳ್ಳಬೇಕು. ಅರ್ಹತಾ ಪ್ರಮಾಣಪತ್ರವಿರುವ ಮೇಲ್ವಿಚಾರಕರ ನೇರ ಉಸ್ತುವಾರಿಯಲ್ಲಿ, ಪರ್ಮಿಟ್ ಹೊಂದಿದ ಕೆಲಸಗಾರರು ಅದನ್ನು ಮಾಡಬೇಕು. ಇದೇ ನಿಯಮದಲ್ಲಿ ಒಂದು ವಿನಾಯಿತಿಯೂ ಇದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, ಗೃಹೋಪಕರಣ ಮುಂತಾದವುಗಳ ಬದಲಾವಣೆಯು ವ್ಯವಸ್ಥೆಯ ಸಾಮರ್ಥ್ಯವನ್ನಾಗಲಿ ಸ್ವರೂಪವನ್ನಾಗಲಿ ಮಾರ್ಪಡಿಸದಿದ್ದರೆ ಅದಕ್ಕೆ ಪರವಾನಗಿ ಬೇಕಿಲ್ಲ. ಹಾಗಾಗಿ ಕೆಟ್ಟ ಸ್ವಿಚ್ಚಿನ ಜಾಗದಲ್ಲಿ ಅದೇ ಬಗೆಯ ಸ್ವಿಚ್ಚು ಹಾಕುವುದು ಒಂದು ಮಾತು. ದೀಪಕ್ಕೆಂದು ಎಳೆದ ತಂತಿಯಿಂದ ಗೀಸರಿಗೆ ಸಾಕೆಟ್ ಕೊಡುವುದು ಬೇರೆಯೇ ಮಾತು.

ಕರ್ನಾಟಕದಲ್ಲಿ ಗುತ್ತಿಗೆದಾರರ ಪರವಾನಗಿ, ಮೇಲ್ವಿಚಾರಕರ ಮತ್ತು ವೈರ್‌ಮನ್‌ಗಳ ಪರ್ಮಿಟ್‌ಗಳನ್ನು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ ನೀಡುತ್ತದೆ. ಇವುಗಳಿಗೆ ಅವಧಿಯ ಮಿತಿಯಿದ್ದು, ಕಾಲಕಾಲಕ್ಕೆ ನವೀಕರಿಸಬೇಕಾಗುತ್ತದೆ. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ (ಐ.ಟಿ.ಐ.) ಎಲೆಕ್ಟ್ರೀಷಿಯನ್ ಮತ್ತು ವೈರ್‌ಮನ್ ಎಂಬ ಎರಡು ವರ್ಷಗಳ ಶಿಕ್ಷಣಕ್ರಮಗಳಿವೆ. ಐ.ಟಿ.ಐ. ಪ್ರಮಾಣಪತ್ರ ತರಬೇತಿಗೆ ಸಾಕ್ಷಿ. ಕೆಲಸ ಮಾಡುವ ಅಧಿಕಾರ ಬರುವುದು ಪರ್ಮಿಟ್‌ನಿಂದ. ಈ ಎರಡನ್ನೂ ಒಂದೇ ಎಂದು ಭಾವಿಸುವುದು ಸಾಮಾನ್ಯ ತಪ್ಪು.

ಹೊಸ ಸಂಪರ್ಕ ಪಡೆಯುವಾಗ ಗುತ್ತಿಗೆದಾರರ ಸಹಿಯುಳ್ಳ ಪೂರ್ಣತಾ ಮತ್ತು ಪರೀಕ್ಷಾ ವರದಿಯನ್ನು ಕಂಪನಿಗೆ ಸಲ್ಲಿಸಬೇಕಾಗುತ್ತದೆ. ಆ ಬಳಿಕದ ಸಣ್ಣ ದುರಸ್ತಿಗಳಲ್ಲಿ ಇಂಥ ದಾಖಲೆಯನ್ನು ಕೇಳುವವರು ವಿರಳ. ಮನೆ ಕಟ್ಟಿದ ದಿನ ಸುರಕ್ಷಿತವಾಗಿದ್ದ ವೈರಿಂಗ್ ಹತ್ತಾರು ವರ್ಷಗಳ ತೇಪೆಗಳಿಂದ ಹದಗೆಡುವುದು ಹೀಗೆ.

ಕೆಲಸಗಾರರನ್ನು ಹುಡುಕುವ ಮಾರ್ಗಗಳು

ಮನೆಯ ವೈರಿಂಗ್ ಮಾಡಿದ ಗುತ್ತಿಗೆದಾರರೇ ಸಿಕ್ಕರೆ ಅದು ಎಲ್ಲಕ್ಕಿಂತ ಅನುಕೂಲ. ಗೋಡೆಯೊಳಗಿನ ಕೊಳವೆಗಳ ಹಾದಿ ಅವರಿಗೆ ತಿಳಿದಿರುತ್ತದೆ. ಊರುಗಳಲ್ಲಿ ವಿದ್ಯುತ್ ಸಾಮಗ್ರಿಯ ಅಂಗಡಿಯೇ ವಿಚಾರಣೆಯ ಕೇಂದ್ರ. ಅಂಗಡಿಯವರಿಗೆ ಕೆಲಸಗಾರರ ಪರಿಚಯ ಮಾತ್ರವಲ್ಲ, ಯಾರು ಯಾವ ಗುಣಮಟ್ಟದ ತಂತಿ ಕೊಳ್ಳುತ್ತಾರೆ ಎಂಬುದೂ ಗೊತ್ತಿರುತ್ತದೆ. ಆದರೆ ಶಿಫಾರಸಿನ ಹಿಂದೆ ದಲ್ಲಾಳಿ ಹಣ ಇರಬಹುದಾದ್ದರಿಂದ ಇನ್ನೊಬ್ಬರ ಅಭಿಪ್ರಾಯ ಕೇಳುವುದು ಲೇಸು. ಬೆಂಗಳೂರಿನಂಥ ನಗರಗಳಲ್ಲಿ ಅರ್ಬನ್ ಕಂಪನಿ, ಜಸ್ಟ್‌ಡಯಲ್ ಮುಂತಾದ ಅಂತರಜಾಲ ಸೇವೆಗಳೂ ಬಳಕೆಯಲ್ಲಿವೆ. ಇಂಥ ಸೇವೆಗಳಲ್ಲಿ ಕಾಣುವ ನಕ್ಷತ್ರಗಳು ಸಮಯಪಾಲನೆಯನ್ನೂ ಸೌಜನ್ಯವನ್ನೂ ಅಳೆಯುತ್ತವೆಯೇ ಹೊರತು, ಗ್ರಾಹಕರ ಕಣ್ಣಿಗೆ ಬೀಳದ ಜೋಡಣೆಯನ್ನು ಅಳೆಯಲಾರವು.

ಕರೆ ಮಾಡುವಾಗಲೇ ಪರ್ಮಿಟ್ ಸಂಖ್ಯೆಯನ್ನು ಕೇಳಬಹುದು. ಯಾವ ಉಪಕರಣಗಳನ್ನು ತರುತ್ತಾರೆ ಎಂಬ ಪ್ರಶ್ನೆಯೂ ಉಪಯುಕ್ತ. ಟೆಸ್ಟರ್ ಸ್ಕ್ರೂಡ್ರೈವರ್ ಒಂದನ್ನೇ ನೆಚ್ಚಿಕೊಂಡವರಿಗಿಂತ ಮಲ್ಟಿಮೀಟರ್, ನಿರೋಧಕತೆ ಅಳೆಯುವ ಮೆಗ್ಗರ್ ಇಟ್ಟುಕೊಂಡವರು ದೋಷದ ಮೂಲವನ್ನು ಖಚಿತವಾಗಿ ತಲುಪಬಲ್ಲರು. ನ್ಯೂಟ್ರಲ್ ತಂತಿ ತುಂಡಾದಾಗ ಸ್ವಿಚ್ಚು ಹಾಕಿದ ಉಪಕರಣದ ಮೂಲಕ ವಿದ್ಯುತ್ ಹಿಂದಿರುಗಿ, ಸಾಕೆಟ್ಟಿನ ಎರಡೂ ರಂಧ್ರಗಳಲ್ಲಿ ಟೆಸ್ಟರ್ ಹೊತ್ತಿಕೊಳ್ಳುವುದುಂಟು. ಅನುಭವವಿಲ್ಲದವರು ಇಲ್ಲಿಯೇ ದಾರಿ ತಪ್ಪುತ್ತಾರೆ.

ಸಾಮಾನ್ಯ ದೋಷಗಳು ಮತ್ತು ಕಾಣದ ಅಪಾಯಗಳು

ವಿತರಣಾ ಪೆಟ್ಟಿಗೆಯಲ್ಲಿ ಎರಡು ಬಗೆಯ ರಕ್ಷಕಗಳಿರುತ್ತವೆ. ಎಂ.ಸಿ.ಬಿ. ಎಂಬುದು ಮಿತಿಮೀರಿದ ಹೊರೆ ಅಥವಾ ಶಾರ್ಟ್ ಸರ್ಕ್ಯೂಟ್ ಆದಾಗ ಬಿದ್ದು ತಂತಿಯನ್ನು ಬೆಂಕಿಯಿಂದ ಕಾಯುತ್ತದೆ. ಮನುಷ್ಯರನ್ನು ಆಘಾತದಿಂದ ಕಾಯುವುದು ಅದರ ಕೆಲಸವಲ್ಲ. ಕೆಲವೇ ಹತ್ತು ಮಿಲಿಆಂಪಿಯರ್ ವಿದ್ಯುತ್ ದೇಹದ ಮೂಲಕ ಹರಿದರೆ ಸಾವು ಸಂಭವಿಸಬಹುದು, ಎಂ.ಸಿ.ಬಿ. ಬೀಳುವುದು ಹಲವು ಆಂಪಿಯರ್‌ಗಳಿಗೆ. ಭೂಮಿಯತ್ತ ಸೋರುವ ವಿದ್ಯುತ್ತನ್ನು ಗುರುತಿಸಿ ಪೂರೈಕೆಯನ್ನು ಕಡಿಯುವುದು ಆರ್.ಸಿ.ಸಿ.ಬಿ. ಮನೆಗಳಲ್ಲಿ 30 ಮಿಲಿಆಂಪಿಯರ್ ಸಂವೇದನೆಯದನ್ನು ಬಳಸುತ್ತಾರೆ. ಒಬ್ಬರೇ ಏಕಕಾಲಕ್ಕೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಮುಟ್ಟಿ, ನೆಲಕ್ಕೆ ಸೋರಿಕೆಯಾಗದಿದ್ದರೆ ಅದೂ ರಕ್ಷಿಸದು. ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು.

ಆರ್.ಸಿ.ಸಿ.ಬಿ. ಪದೇ ಪದೇ ಬೀಳುತ್ತಿದ್ದರೆ ಮನೆಯವರೇ ಮಾಡಬಹುದಾದ ಪರೀಕ್ಷೆಯೊಂದಿದೆ. ಎಲ್ಲ ಎಂ.ಸಿ.ಬಿ.ಗಳನ್ನು ಇಳಿಸಿ, ಆರ್.ಸಿ.ಸಿ.ಬಿ.ಯನ್ನು ಏರಿಸಿ, ಬಳಿಕ ಒಂದೊಂದಾಗಿ ಎಂ.ಸಿ.ಬಿ.ಗಳನ್ನು ಏರಿಸುತ್ತ ಹೋದರೆ ಯಾವ ಶಾಖೆಯಲ್ಲಿ ಸೋರಿಕೆಯಿದೆ ಎಂಬುದು ಬಹುತೇಕ ತಿಳಿಯುತ್ತದೆ. ಗೀಸರಿನ ಬಿರುಕುಬಿಟ್ಟ ಕಾಯಿಲು, ನೀರೆತ್ತುವ ಮೋಟಾರು, ಮಳೆಯಲ್ಲಿ ನೆನೆದ ಹೊರಗೋಡೆಯ ದೀಪ ಇವು ಹೆಚ್ಚಾಗಿ ಕಾರಣವಾಗಿರುತ್ತವೆ. ಇನ್ವರ್ಟರ್ ಅಳವಡಿಸಿದ ಮೇಲೆ ಈ ತೊಂದರೆ ಶುರುವಾದರೆ ಎರಡು ಶಾಖೆಗಳ ನ್ಯೂಟ್ರಲ್ ಬೆರೆತಿರುವ ಸಾಧ್ಯತೆಯಿದೆ. ನ್ಯೂಟ್ರಲ್‌ಗಳನ್ನು ಬೇರ್ಪಡಿಸುವುದು ಶ್ರಮದ ಕೆಲಸ. ಆರ್.ಸಿ.ಸಿ.ಬಿ.ಯನ್ನೇ ತಪ್ಪಿಸಿ ನೇರ ತಂತಿ ಕೊಡುವುದು ಐದು ನಿಮಿಷದ ಕೆಲಸ. ಎರಡರ ಬಳಿಕವೂ ಮನೆಯಲ್ಲಿ ದೀಪ ಉರಿಯುತ್ತದೆ. ಗ್ರಾಹಕರಿಗೆ ವ್ಯತ್ಯಾಸ ತೋರುವುದಿಲ್ಲ.

ಇಂತಹುದೇ ಇನ್ನೊಂದು ದುರಭ್ಯಾಸ, ಭೂಸಂಪರ್ಕವಿಲ್ಲದ ಸಾಕೆಟ್ಟಿನಲ್ಲಿ ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೆ ಜೋಡಿಸುವುದು. ಎಲ್ಲವೂ ಸರಿಯಿರುವಷ್ಟು ಕಾಲ ಏನೂ ಗೊತ್ತಾಗದು. ಎಲ್ಲೋ ಒಂದೆಡೆ ನ್ಯೂಟ್ರಲ್ ಕಡಿದ ಕ್ಷಣ ಫ್ರಿಜ್ಜಿನ ಅಥವಾ ವಾಷಿಂಗ್ ಮಷೀನಿನ ಲೋಹದ ಮೈಯೇ ವಿದ್ಯುದಾವೇಶಗೊಳ್ಳುತ್ತದೆ. ಮೂರನೆಯದು, ಬೀಳುತ್ತಿರುವ 16 ಆಂಪಿಯರ್ ಎಂ.ಸಿ.ಬಿ.ಯ ಜಾಗದಲ್ಲಿ ತಂತಿಯನ್ನು ಬದಲಿಸದೆ 32 ಆಂಪಿಯರಿನದನ್ನು ಕೂರಿಸುವುದು. ಆಗ ಎಂ.ಸಿ.ಬಿ. ಬೀಳುವ ಮೊದಲೇ ಗೋಡೆಯೊಳಗಿನ ತಂತಿ ಕಾಯುತ್ತದೆ. 3 ಕಿಲೋವ್ಯಾಟ್‌ನ ಗೀಸರ್ ಒಂದೇ ಸುಮಾರು 13 ಆಂಪಿಯರ್ ಎಳೆಯುತ್ತದೆ ಎಂಬುದನ್ನು ನೆನೆದರೆ ತಂತಿಯ ದಪ್ಪದ ಮಹತ್ವ ತಿಳಿಯುತ್ತದೆ. ಹಳೆಯ ಪಿಂಗಾಣಿ ಫ್ಯೂಸಿಗೆ ದಪ್ಪ ತಾಮ್ರದ ಎಳೆ ಸುತ್ತುವುದೂ ಇದೇ ಜಾತಿಯ ತಪ್ಪು.

ಭೂಸಂಪರ್ಕದ ಗುಂಡಿಯ ಸುತ್ತಲಿನ ಮಣ್ಣು ಬೇಸಿಗೆಯಲ್ಲಿ ಒಣಗಿದಾಗ ಅದರ ವಿದ್ಯುತ್ ನಿರೋಧ ಏರುತ್ತದೆ. ಗುಂಡಿಗೆ ನೀರು ಹಾಕುವ ಹಳೆಯ ರೂಢಿಗೆ ಇದು ಆಧಾರ. ಭೂಸಂಪರ್ಕಕ್ಕೆ ಭಾರತೀಯ ಮಾನಕ ಐ.ಎಸ್. 3043, ಮನೆಯ ವೈರಿಂಗ್‌ಗೆ ಐ.ಎಸ್. 732 ಅನ್ವಯಿಸುತ್ತವೆ. ವಾಡಿಕೆಯಂತೆ ಫೇಸ್ ತಂತಿಗೆ ಕೆಂಪು, ಹಳದಿ ಅಥವಾ ನೀಲಿ, ನ್ಯೂಟ್ರಲ್‌ಗೆ ಕಪ್ಪು, ಅರ್ಥ್‌ಗೆ ಹಸಿರು ಬಣ್ಣ. ಹಳೆಯ ಮನೆಗಳಲ್ಲಿ ಈ ಬಣ್ಣಗಳನ್ನು ನಂಬಿ ತಂತಿ ಮುಟ್ಟುವಂತಿಲ್ಲ.

ಕೆಲವು ದೀಪಗಳು ಅತಿಯಾಗಿ ಪ್ರಕಾಶಿಸಿ ಉಳಿದವು ಮಂಕಾದರೆ ಅದನ್ನು ಉದಾಸೀನ ಮಾಡಬಾರದು. ಮೂರು ಹಂತದ ಪೂರೈಕೆಯಲ್ಲಿ ನ್ಯೂಟ್ರಲ್ ಕಡಿದಾಗ ಕಡಿಮೆ ಹೊರೆಯಿರುವ ಹಂತದ ಒತ್ತಡ 400 ವೋಲ್ಟ್‌ನತ್ತ ಏರಬಲ್ಲದು. ಕೂಡಲೇ ಮುಖ್ಯ ಸ್ವಿಚ್ಚನ್ನು ಆರಿಸಿ 1912ಕ್ಕೆ ತಿಳಿಸಬೇಕು. ದೋಷ ಮೀಟರಿನ ಯಾವ ಬದಿಯಲ್ಲಾದರೂ ಇರಬಹುದು.

ತುರ್ತು ಸಂದರ್ಭ

ಸುಟ್ಟ ವಾಸನೆ, ಸಾಕೆಟ್ಟಿನಿಂದ ಕಿಡಿ, ಕೊಳಾಯಿ ಮುಟ್ಟಿದರೆ ಜುಮ್ಮೆನ್ನುವುದು, ಸ್ವಿಚ್‌ಬೋರ್ಡಿಗೆ ನೀರು ನುಗ್ಗುವುದು ತುರ್ತಿನ ಲಕ್ಷಣಗಳು. ಇಂಥ ವೇಳೆ ಕೆಲಸಗಾರರ ಹುಡುಕಾಟ ಎರಡನೆಯ ಹೆಜ್ಜೆ. ಮೊದಲನೆಯದು ಮುಖ್ಯ ಸ್ವಿಚ್ಚನ್ನು ಆರಿಸುವುದು. ಅದಕ್ಕಾಗಿ ಮನೆಯ ಪ್ರತಿಯೊಬ್ಬರಿಗೂ ಆ ಸ್ವಿಚ್ಚಿನ ಸ್ಥಳ ತಿಳಿದಿರಬೇಕು. ನಿಂತ ನೀರಿನಲ್ಲಿ ಕಾಲಿಟ್ಟೇ ಅದನ್ನು ತಲುಪಬೇಕಾದ ಸ್ಥಿತಿಯಿದ್ದರೆ ಒಳಗೆ ಹೋಗದೆ, ಹೊರಗಿನಿಂದ ಪೂರೈಕೆ ಕಡಿಯುವಂತೆ 1912ಕ್ಕೆ ಕರೆಮಾಡಬೇಕು. ಇನ್ವರ್ಟರ್ ಇರುವ ಮನೆಗಳಲ್ಲಿ ಮುಖ್ಯ ಸ್ವಿಚ್ಚು ಆರಿದ ಮೇಲೂ ಬ್ಯಾಟರಿಯಿಂದ ಕೆಲವು ಶಾಖೆಗಳಿಗೆ 230 ವೋಲ್ಟ್ ಹರಿಯುತ್ತಲೇ ಇರುತ್ತದೆ. ಇನ್ವರ್ಟರನ್ನೂ ಪ್ರತ್ಯೇಕವಾಗಿ ಆರಿಸಬೇಕೆಂಬುದು ಅನೇಕರಿಗೆ ಹೊಳೆಯುವುದಿಲ್ಲ.

ಆಘಾತಕ್ಕೆ ಒಳಗಾದವರನ್ನು ಪೂರೈಕೆ ಕಡಿಯುವ ಮೊದಲು ಬರಿಗೈಯಿಂದ ಮುಟ್ಟಬಾರದು. ಸ್ವಿಚ್ಚು ದೂರವಿದ್ದರೆ ಒಣ ನೆಲದ ಮೇಲೆ ನಿಂತು, ಒಣಗಿದ ಮರದ ಕೋಲಿನಿಂದ ತಂತಿಯನ್ನು ಬೇರ್ಪಡಿಸಬಹುದು. ಉಸಿರು ನಿಂತಿದ್ದರೆ ತಕ್ಷಣ ಎದೆಯೊತ್ತುವ ಪ್ರಥಮ ಚಿಕಿತ್ಸೆ ಆರಂಭಿಸಿ 108ಕ್ಕೆ ಕರೆಮಾಡಬೇಕು. ಎಚ್ಚರವಾಗಿದ್ದರೂ ಹೃದಯದ ಬಡಿತ ಏರುಪೇರಾಗಬಹುದಾದ ಕಾರಣ ವೈದ್ಯರ ತಪಾಸಣೆ ಅಗತ್ಯ. ಬೆಂಕಿ ಹತ್ತಿದ ವಿದ್ಯುತ್ ಸಾಧನದ ಮೇಲೆ ನೀರು ಸುರಿಯಬಾರದು. ಒಣಪುಡಿ ಅಥವಾ ಇಂಗಾಲದ ಡೈಆಕ್ಸೈಡ್ ನಂದಕವನ್ನು ಬಳಸಬೇಕು. ಅಗ್ನಿಶಾಮಕ ಸೇವೆಯ ಸಂಖ್ಯೆ 101, ಸಾಮಾನ್ಯ ತುರ್ತು ಸಂಖ್ಯೆ 112. ರಸ್ತೆಯಲ್ಲಿ ಅಥವಾ ತೋಟದಲ್ಲಿ ಬಿದ್ದ ತಂತಿ ನಿರ್ಜೀವವೆಂದು ಭಾವಿಸುವಂತಿಲ್ಲ. ಅದರ ಸುತ್ತಲಿನ ನೆಲದಲ್ಲೂ ವಿದ್ಯುತ್ ಹರಡಿರಬಹುದಾದ್ದರಿಂದ ಕೋಲಿನಿಂದ ಸರಿಸುವ ಮೇಲಿನ ಉಪಾಯ ಅಲ್ಲಿಗೆ ಸಲ್ಲದು.

ಕೆಲಸದ ಪರೀಕ್ಷೆ, ದರ ಮತ್ತು ದೂರು

ಹೊಸ ತಂತಿ ಎಳೆದಾಗ 500 ವೋಲ್ಟ್‌ನ ಮೆಗ್ಗರ್‌ನಿಂದ ನಿರೋಧಕತೆಯನ್ನು ಪರೀಕ್ಷಿಸುತ್ತಾರೆ. ಅದು 1 ಮೆಗಾಓಮ್‌ಗಿಂತ ಕಡಿಮೆ ಇರಬಾರದು. ಈ ಅಳತೆಯನ್ನು ತಮ್ಮೆದುರಿನಲ್ಲೇ ಮಾಡಿತೋರಿಸುವಂತೆ ಗ್ರಾಹಕರು ಕೇಳಬಹುದು. ದರ ಊರಿನಿಂದ ಊರಿಗೆ ಬೇರೆಯಾಗಿದ್ದು, ಬಂದುಹೋಗುವ ಶುಲ್ಕ, ಕೂಲಿ, ಸಾಮಗ್ರಿ ಎಂದು ಬಿಡಿಸಿ ಮೊದಲೇ ಕೇಳಿಕೊಳ್ಳುವುದು ವಾಡಿಕೆ. ತಂತಿ, ಸಾಕೆಟ್ಟುಗಳ ಮೇಲೆ ಐ.ಎಸ್.ಐ. ಮುದ್ರೆ ಇರಬೇಕು.

ಹಣ ಪಡೆದು ಮಾಡಿದ ದುರಸ್ತಿಯು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ‘ಸೇವೆ’ ಆಗಿರುವುದರಿಂದ ಸೇವಾನ್ಯೂನತೆಗೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಪರಿಹಾರ ಕೇಳಬಹುದು. ರಸೀದಿಯಿಲ್ಲದೆ ಇದನ್ನು ಸಾಧಿಸುವುದು ಕಷ್ಟ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಮೀಟರಿನ ಹೊರಬದಿಯ ದುರಸ್ತಿ ವಿಳಂಬವಾದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಕಂಪನಿಗಳಿಗೆ ನಿಗದಿಪಡಿಸಿದ ಕಾಲಮಿತಿಗಳು ಅನ್ವಯಿಸುತ್ತವೆ. ಅಂಥ ದೂರುಗಳನ್ನು ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಒಯ್ಯಬಹುದು. ವಿದ್ಯುತ್ ಅವಘಡದಲ್ಲಿ ಸಾವು ಅಥವಾ ಗಾಯ ಸಂಭವಿಸಿದಾಗ ಕಾರಣದ ತನಿಖೆಯನ್ನು ವಿದ್ಯುತ್ ಪರಿವೀಕ್ಷಕರು ನಡೆಸುತ್ತಾರೆ.